ಅತ್ತೆ ವಿಮಾನ ಹತ್ತಿದ್ದು

ಚಿಕಿತ್ಸೆ ಮುಗಿದ ದಿನ ಖಾರ್ಘರ್‌ನ ಆಸ್ಪತ್ರೆಯಿಂದ ಡೊಂಬಿವಲಿಗೆ ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತು ಹೇಳಿದರು: ಉಡುಪಿಗೆ ಹೋಗಿ ಅಕ್ಕನನ್ನು ನೋಡಬೇಕು. ಕಾರು ಓಡಿಸುತ್ತಿದ್ದ ನನ್ನ ಗಂಡ, ಮೊದಲು ಸ್ವಲ್ಪ ಸುಧಾರಿಸಿಕೋ ಅಮ್ಮ ಎಂದರು. ಅಲ್ಲಿಗೆ ಹೋದರೇ ಸುಧಾರಿಸುವುದು ಎಂದು ಹೇಳಿ ಅತ್ತೆ ಕಿಟಕಿಯ ಕಡೆ ತಿರುಗಿಬಿಟ್ಟರು. ಅವರು ಹಾಗೆ ತಿರುಗಿದರೆ ಮಾತು ಮುಗಿಯಿತು ಅಂತ ಅರ್ಥ. ಮದುವೆಯಾಗಿ ಬಂದ ಹೊಸದರಲ್ಲೇ ನಾನು ಅದನ್ನು ಕಲಿತಿದ್ದೆ.

ನಾನು ಧಾರವಾಡದ ಕಡೆಯವಳು. ಅತ್ತೆಯದು ಉಡುಪಿ. ಮಾವ ಠಾಣೆ ಸ್ಟೇಷನ್ ಹತ್ತಿರ ಪಾಲುದಾರಿಕೆಯಲ್ಲಿ ಶಾಕಾಹಾರಿ ಹೋಟೆಲು ನಡೆಸುತ್ತಿದ್ದರು. ಈಗ ಅವರೂ ಇಲ್ಲ, ಹೋಟೆಲೂ ಇಲ್ಲ. ಮನೆಯಲ್ಲಿ ತಾಯಿ ಮಗ ಮಾತಾಡುವುದು ತುಳು. ನನ್ನ ಜೊತೆ ಮಾತ್ರ ಅತ್ತೆ ಕನ್ನಡಕ್ಕೆ ತಿರುಗುತ್ತಾರೆ. ಇಷ್ಟು ವರ್ಷಗಳಲ್ಲಿ ನನಗೆ ತುಳು ಪೂರ್ತಿ ಅರ್ಥವಾಗುತ್ತದೆ, ಆಡಲು ಮಾತ್ರ ನಾಲಿಗೆ ಹೊರಳುವುದಿಲ್ಲ. ನನ್ನ ಮಗಳಿಗೆ ಎರಡೂ ತಿಳಿಯುತ್ತದೆ, ಉತ್ತರ ಕೊಡುವುದು ಮರಾಠಿಯಲ್ಲಿ. ಹೀಗೆ ನಮ್ಮ ಮೂವರ ಜಗಳ ಮೂರು ಭಾಷೆಗಳಲ್ಲಿ ನಡೆಯುತ್ತದೆ, ಯಾರಿಗೂ ಅರ್ಥವಾಗದೆ ಉಳಿಯುವುದಿಲ್ಲ.

ಊರಿಗೆ ಹೋಗುವುದೆಂದರೆ ಅತ್ತೆಗೆ ರೈಲು. ಚಪಾತಿ, ಚಟ್ನಿಪುಡಿ, ಕುಡಿಯುವ ನೀರು, ಹೊದೆಯಲು ಒಂದು ಹಳೆಯ ಸೀರೆ. ಅವರ ಲೆಕ್ಕದಲ್ಲಿ ವಿಮಾನ ಅವಸರದವರಿಗೆ ಮತ್ತು ಅಹಂಕಾರದವರಿಗೆ. ಆದರೆ ಡಾಕ್ಟರು ರೈಲು ಬೇಡವೇ ಬೇಡ ಎಂದರು. ಜನಸಂದಣಿ, ಸೋಂಕು, ಅಷ್ಟು ದೂರದ ಕುಲುಕಾಟ ಯಾವುದನ್ನೂ ತಡೆಯುವ ಶಕ್ತಿ ಮೈಗೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣ ಶುರುವಾಗಿತ್ತು, ಅಲ್ಲಿಂದ ಮಂಗಳೂರಿಗೆ ವಿಮಾನವೂ ಇತ್ತು. ಅಹಂಕಾರದವರ ಸಾಲಿಗೆ ಸೇರಲು ಅತ್ತೆ ಒಪ್ಪಿದರು.

ಅವರಿಗೆ ಇದ್ದ ಹೆದರಿಕೆ ವಿಮಾನದ್ದಲ್ಲ, ತಲೆಗೂದಲಿನದು. ಮೊಣಕಾಲ ತನಕ ಅಲ್ಲದಿದ್ದರೂ ಸೊಂಟ ದಾಟುವ ಜಡೆ ಇತ್ತು ಅವರಿಗೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು, ಊರಿಂದ ಬಂದ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದರೆ ಎದುರಿನ ಬಿಲ್ಡಿಂಗಿನ ಹೆಂಗಸರು ಅಲ್ಲಿಂದಲೇ ಮಾತಿಗೆ ನಿಲ್ಲುತ್ತಿದ್ದರು. ಕ್ಯಾನ್ಸರ್ ಔಷಧಿಯ ಎರಡನೇ ಸುತ್ತಿಗೆ ಅದೆಲ್ಲ ಹೋಯಿತು. ಅಂದಿನಿಂದ ಅವರು ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡೇ ಇದ್ದರು. ಸ್ನಾನ ಮುಗಿಸಿ ಬಾತ್‌ರೂಮಿನಿಂದ ಹೊರಗೆ ಬರುವಾಗಲೂ ಅದು ತಲೆಯ ಮೇಲೆ ಇರುತ್ತಿತ್ತು. ವಾಂತಿ ಬಳಿದವಳು ನಾನು, ಗಾಯಕ್ಕೆ ಮುಲಾಮು ಹಚ್ಚಿದವಳು ನಾನು, ಆದರೆ ಬರಿದಾದ ಆ ತಲೆಯನ್ನು ನನಗೂ ಒಮ್ಮೆಯೂ ತೋರಿಸಿರಲಿಲ್ಲ. ಉಡುಪಿಯ ದೊಡ್ಡಮ್ಮನಿಗಂತೂ, ಅಂದರೆ ಅವರ ಅಕ್ಕನಿಗೆ, ಒಂದು ಸಣ್ಣ ಗಡ್ಡೆ ತೆಗೆದಿದ್ದಾರೆ ಎಂದಷ್ಟೇ ಹೇಳಿದ್ದರು.

ಟಿಕೆಟ್ ಮಾಡಿದ ಮೇಲೆ ನನ್ನ ಮಗಳು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿದಳು. ಆಧಾರ್ ಜೋಡಿಸಿ ಒಮ್ಮೆ ಮುಖ ತೋರಿಸಿಟ್ಟರೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಸಾಲಿನಲ್ಲಿ ನಿಲ್ಲಬೇಕಿಲ್ಲವಂತೆ. ನನ್ನ ಮುಖ ಒಂದೇ ಸಲಕ್ಕೆ ಒಪ್ಪಿಗೆಯಾಯಿತು. ಅಜ್ಜಿಯ ಮುಂದೆ ಮೊಬೈಲ್ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕನ್ನಡಕ ತೆಗೆಸಿ, ಮತ್ತೆ ಹಾಕಿಸಿ ಎಷ್ಟು ಒದ್ದಾಡಿದರೂ ಮುಖ ಹೊಂದುತ್ತಿಲ್ಲ ಎಂದೇ ಬರುತ್ತಿತ್ತು. ಆಧಾರಿನ ಫೋಟೋದಲ್ಲಿ ದುಂಡು ಮುಖ, ಹಿಂದೆ ದಪ್ಪ ತುರುಬು. ಮಗಳು ಮೆತ್ತಗೆ, ಸ್ಕಾರ್ಫ್ ತೆಗೆದರೆ ಆಗಬಹುದು ಎಂದಳು. ಅತ್ತೆ ಮೊಬೈಲನ್ನು ಪಕ್ಕಕ್ಕೆ ಸರಿಸಿ ಎದ್ದರು.

“ನನ್ನ ಮುಖ ನಂದಲ್ಲ ಅಂತ ಹೇಳ್ಲಿಕ್ಕೆ ಅದು ಯಾರು?” ಎಂದು ನನ್ನನ್ನು ಕೇಳಿ ಅಡುಗೆಮನೆಗೆ ಹೋದರು.

ಸಾಲಿನಲ್ಲೇ ಹೋಗೋಣ ಎಂದು ತೀರ್ಮಾನವಾಯಿತು. ಇಂಥ ರೋಗಿಗಳಿಗೆ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ಡಾಕ್ಟರ ಸರ್ಟಿಫಿಕೇಟ್ ಬೇಕಾಗುತ್ತದೆ ಎಂದು ಓದಿ ಅದನ್ನೂ ಮಾಡಿಸಿಟ್ಟೆವು. ಗಾಲಿಕುರ್ಚಿಗೆ ಮೊದಲೇ ಹೇಳಿಟ್ಟೆವು. ಹೊರಡುವ ದಿನ ಹತ್ತಿರ ಬಂದಾಗ ಅತ್ತೆಗೆ ಜ್ವರ ಬಂತು. ಟಿಕೆಟಿನ ದಿನಾಂಕ ಮುಂದೆ ಹಾಕಿದೆವು, ಜ್ವರ ಇಳಿಯಿತು. ಸರ್ಟಿಫಿಕೇಟಿಗೂ ಒಂದು ಅವಧಿ ಇರುತ್ತದೆ ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಹೊರಟ ದಿನ ಶಿಳ್‌ಫಾಟಾದ ಕೂಡುರಸ್ತೆಯಲ್ಲಿ ಎಂದಿನ ಹಾಗೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಾಗಾಗುತ್ತದೆ ಎಂದು ಬೇಗನೆ ಹೊರಟಿದ್ದೆವು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮನ್ನು ಇಳಿಸಿ, ಬ್ಯಾಗು ಕೈಗೆ ಕೊಟ್ಟು, ತಾಯಿಯ ಕಾಲು ಮುಟ್ಟಿ ನನ್ನ ಗಂಡ ಕಾರು ತಿರುಗಿಸಿದರು. ಟಿಕೆಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಗಾಲಿಕುರ್ಚಿ ಒಳಗಿನ ಕೌಂಟರಿನಲ್ಲಿ ಸಿಗುತ್ತದೆ ಎಂದು ಅಲ್ಲಿದ್ದ ಸಿಬ್ಬಂದಿ ಹೇಳಿದರು. ಅಲ್ಲಿಯ ತನಕ ಅತ್ತೆ ನನ್ನ ತೋಳು ಹಿಡಿದು ನಡೆದರು.

ಬಾಗಿಲಲ್ಲಿ ಕಾವಲಿಗಿದ್ದ ಭದ್ರತಾ ಪಡೆಯ ಜವಾನ ನನ್ನ ಗುರುತುಚೀಟಿ ನೋಡಿ ಬಿಟ್ಟ. ಅತ್ತೆಯದನ್ನು ನೋಡಿದ, ಅವರ ಮುಖ ನೋಡಿದ, ಮತ್ತೆ ಚೀಟಿ ನೋಡಿದ. ಬಹಳ ಮರ್ಯಾದೆಯಿಂದಲೇ, ತಲೆಯ ಬಟ್ಟೆ ಸ್ವಲ್ಪ ಸರಿಸಬೇಕಲ್ಲ ಮಾತಾಜಿ ಎಂದು ಹಿಂದಿಯಲ್ಲಿ ಕೇಳಿದ. ಹಿಂದೆ ಸಾಲು ಬೆಳೆದಿತ್ತು. ಇವರಿಗೆ ಹುಷಾರಿರಲಿಲ್ಲ, ಆಸ್ಪತ್ರೆಯ ಕಾಗದ ಇದೆ ಎಂದು ನಾನು ಬ್ಯಾಗಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ತಡೆದರು. ಕತ್ತಿನ ಹಿಂದೆ ಕೈ ಒಯ್ದು ಗಂಟು ಬಿಚ್ಚಿದರು.

ಒಂದು ಬೆರಳಿನ ದಪ್ಪದಷ್ಟೂ ಉದ್ದವಿಲ್ಲದ ಕೂದಲು ಮೊಳೆತಿತ್ತು, ಬೆಳ್ಳಗೆ, ಮಗುವಿನ ನೆತ್ತಿಯ ಹಾಗೆ ಮೃದುವಾಗಿ. ನಾನೂ ಅದನ್ನು ಮೊದಲ ಸಲ ನೋಡುತ್ತಿದ್ದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಜವಾನನ ಕಣ್ಣಲ್ಲಿ ಕಣ್ಣಿಟ್ಟರು.

“ಬಾಲ್ ಗಯಾ,” ಎಂದರು ತಮ್ಮ ಮುಂಬಯಿ ಹಿಂದಿಯಲ್ಲಿ. “ನಾಕ್ ತೋ ವಹೀ ಹೈ. ದೇಖೋ.” ಕೂದಲು ಹೋಯಿತು, ಮೂಗು ಅದೇ ಇದೆಯಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟು ತೋರಿಸಿದರು.

ಅವರ ಮೂಗು ನಿಜಕ್ಕೂ ಮರೆಯುವಂಥದಲ್ಲ. ಉದ್ದ, ತುದಿಯಲ್ಲಿ ಸ್ವಲ್ಪ ಬಾಗಿದ್ದು. ಜವಾನ ಫೋಟೋ ನೋಡಿದ, ಮೂಗು ನೋಡಿದ, ನಗು ತಡೆಯಲಾಗದೆ ಚೀಟಿ ಹಿಂದಿರುಗಿಸಿ ಕೈಮುಗಿದ. ನಮ್ಮ ಹಿಂದೆ ನಿಂತಿದ್ದ ಹೆಂಗಸೂ ನಕ್ಕಳು. ಅತ್ತೆ ಸ್ಕಾರ್ಫನ್ನು ಮಡಚಿ ನನ್ನ ಕೈಗೆ ಕೊಟ್ಟರು. ಕಟ್ಟಲೇನ್ರಿ ಎಂದು ಕೇಳಿದೆ. ಸೆಕೆ ಆಗುತ್ತದೆ, ಬೇಡ ಎಂದರು.

ಕೌಂಟರಿನ ಹುಡುಗಿ ಬ್ಯಾಗು ತೂಗಿದಳು, ಪವರ್ ಬ್ಯಾಂಕ್, ಲೈಟರ್ ಏನಾದರೂ ಇದೆಯೇ ಎಂದು ಕೇಳಿದಳು, ಡಾಕ್ಟರ ಸರ್ಟಿಫಿಕೇಟ್ ತೆಗೆದುಕೊಂಡು ಓದಿದಳು. ಓದುತ್ತಿದ್ದಂತೆ ಅವಳ ಮುಖ ಬಾಡಿತು. ಇದರ ಅವಧಿ ಮುಗಿದಿದೆ ಆಂಟಿ, ಹೊಸದು ಬೇಕು, ಇಲ್ಲದಿದ್ದರೆ ಕೂರಿಸುವ ಹಾಗಿಲ್ಲ ಎಂದಳು. ಮೇಲಿನವರನ್ನು ಕರೆದಳು. ಅವರೂ ಅದನ್ನೇ ಹೇಳಿದರು, ಆದರೆ ಡಾಕ್ಟರು ಹೊಸ ಕಾಗದದ ಫೋಟೋ ಕಳಿಸಿದರೂ ಸಾಕು, ಕೌಂಟರ್ ಮುಚ್ಚುವುದರೊಳಗೆ ಬರಬೇಕು ಎಂದು ದಾರಿ ತೋರಿಸಿದರು.

ನಾನು ಗಂಡನಿಗೆ ಫೋನ್ ಮಾಡಿದೆ. ಅವರಿನ್ನೂ ಖಾರ್ಘರ್ ದಾಟಿರಲಿಲ್ಲ. ಮಾತು ಪೂರ್ತಿ ಕೇಳದೆ ಕಾರು ಆಸ್ಪತ್ರೆಯ ಕಡೆ ತಿರುಗಿಸಿದರು. ಆಮೇಲೆ ಕಾಯುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಅತ್ತೆ ಗಾಲಿಕುರ್ಚಿಯಲ್ಲಿ ಕೂತು ಹೊಸ ಕಟ್ಟಡದ ಎತ್ತರದ ಚಾವಣಿ ನೋಡುತ್ತಿದ್ದರು. ನಾನು ಮೊಬೈಲ್ ನೋಡುವುದು, ಗಡಿಯಾರ ನೋಡುವುದು, ಕೌಂಟರಿನ ಹುಡುಗಿಯನ್ನು ನೋಡುವುದು. ಡಾಕ್ಟರು ವಾರ್ಡಿಗೆ ಹೋಗಿದ್ದಾರಂತೆ ಎಂದು ಗಂಡ ಒಂದು ಸಲ ಹೇಳಿ ಫೋನ್ ಇಟ್ಟರು. ನಮ್ಮ ವಿಮಾನದ ಸಾಲು ಕರಗುತ್ತ ಬಂತು.

“ಇಲ್ಲಿ ಬಾ,” ಎಂದರು ಅತ್ತೆ. ಹತ್ತಿರ ಹೋದೆ. “ಬಿಡದಿದ್ರೆ ಮನೆಗೆ ಹೋಗುವ. ಇನ್ನೊಂದು ದಿನ ಬರುವ. ವಿಮಾನ ಎಂತ ಓಡಿ ಹೋಗ್ತದಾ? ನೀನು ಅಳ್ಬೇಡ ಮಾರಾಯ್ತಿ.”

“ನಾ ಎಲ್ಲಿ ಅಳಲಿಕ್ಕತ್ತೀನ್ರಿ ಅತ್ತಿ,” ಎಂದೆ. ಅವರು ನನ್ನ ಕೈಯಲ್ಲಿದ್ದ ಸ್ಕಾರ್ಫನ್ನು ತೆಗೆದುಕೊಂಡು ನನ್ನ ಕೆನ್ನೆ ಒರೆಸಿದರು. ಆಸ್ಪತ್ರೆಯ ಅಷ್ಟೂ ತಿಂಗಳು ನಾನು ಅತ್ತಿರಲಿಲ್ಲ. ಅಳಲು ಪುರುಸೊತ್ತಿರಲಿಲ್ಲ. ಈಗ ಟ್ರಾಲಿಗಳ ನಡುವೆ, ಎಲ್ಲರೂ ನೋಡುತ್ತಿರುವಾಗ, ಏನು ಕೊಟ್ಟರೂ ನಿಲ್ಲದ ಮಗುವಿನ ಅಳುವಿನ ಹಾಗೆ ಬಂತು. ಅತ್ತೆ ನನ್ನ ಬೆನ್ನು ಸವರುತ್ತ ಕೂತರು.

ಮೊಬೈಲ್ ಸದ್ದಾದಾಗ ಕೌಂಟರಿನ ಹುಡುಗಿಯೇ ನನಗಿಂತ ಮೊದಲು ಎದ್ದಳು. ಡಾಕ್ಟರು ವಾರ್ಡಿನಲ್ಲೇ ನಿಂತು ಬರೆದುಕೊಟ್ಟ ಕಾಗದ, ಸಹಿ, ಮೊಹರು, ಅಂದಿನ ದಿನಾಂಕ. ಅವಳು ಅದನ್ನು ಪ್ರಿಂಟ್ ತೆಗೆದು ಟಿಕೆಟಿಗೆ ಲಗತ್ತಿಸಿ, ಎರಡು ಬೋರ್ಡಿಂಗ್ ಪಾಸು ಕೊಟ್ಟಳು. ಅಜ್ಜಿಗೆ ಕಿಟಕಿ ಸೀಟು ಕೊಟ್ಟಿದ್ದೇನೆ ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆ ಅವಳ ಗಲ್ಲ ಮುಟ್ಟಿ ನೆಟಿಕೆ ಮುರಿದರು.

ಗಾಲಿಕುರ್ಚಿಯವರನ್ನು ಮೊದಲು ಹತ್ತಿಸುತ್ತಾರೆ. ಎಲ್ಲರಿಗಿಂತ ಮುಂದೆ ಹೋಗಲು ಅತ್ತೆಗೆ ಸಂಕೋಚ, ಜೊತೆಗೆ ಸ್ವಲ್ಪ ಖುಷಿ. ಬೆಲ್ಟ್ ಕಟ್ಟಿಕೊಳ್ಳುವುದನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿ ಕಲಿತರು. ವಿಮಾನ ನೆಲ ಬಿಟ್ಟಾಗ ನನ್ನ ಮಣಿಕಟ್ಟು ಹಿಡಿದ ಕೈ ಬಹಳ ಹೊತ್ತು ಬಿಡಲಿಲ್ಲ. ಕೆಳಗೆ ಖಾಡಿಯೊಳಗೆ ನುಗ್ಗಿದ ಕಡಲಿನ ಕಂದು ನೀರು, ಅದರಾಚೆ ಗುಡ್ಡಗಳು. ಅದು ಮುಂಬ್ರಾದ ಗುಡ್ಡವೇ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ, ಹೌದೆಂದೆ. ಹಾಗಾದರೆ ನಮ್ಮ ಬಿಲ್ಡಿಂಗ್ ಅದರ ಆಚೆ ಎಂದು ಗಾಜಿಗೆ ಹಣೆ ಹಚ್ಚಿ ಹುಡುಕಿದರು, ಮೋಡ ಅಡ್ಡ ಬರುವ ತನಕ.

ಮಂಗಳೂರಿನಲ್ಲಿ ದೊಡ್ಡಮ್ಮ ಮಗನ ಜೊತೆ ಕಾರಿನಲ್ಲಿ ಬಂದಿದ್ದರು. ವಯಸ್ಸಾದವರು, ಅಷ್ಟು ದೂರ ಬರಬೇಡಿ ಎಂದು ಹೇಳಿದ್ದರೂ ಕೇಳಿರಲಿಲ್ಲ. ಹೊರಗೆ ಬರುವ ಬಾಗಿಲ ಹತ್ತಿರ ಅತ್ತೆ ಗಾಲಿಕುರ್ಚಿ ನಿಲ್ಲಿಸಲು ಹೇಳಿ ಇಳಿದರು. ತಂಗಿಯನ್ನು ಕಂಡ ದೊಡ್ಡಮ್ಮ ಕೈಗೋಲು ಊರಿಕೊಂಡು ಬಂದು ಎದುರು ನಿಂತರು. ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದರು. ಸಣ್ಣ ಗಡ್ಡೆಯ ಕಥೆ ಅಲ್ಲೇ ಮುಗಿಯಿತು ಎಂದು ನನಗೆ ತಿಳಿಯಿತು. ಏಕೆ ಹೇಳಲಿಲ್ಲ ಎಂದು ಬೈಯುತ್ತಾರೆ ಎಂದುಕೊಂಡೆ. ದೊಡ್ಡಮ್ಮ ಕೈ ಚಾಚಿ ಆ ಬೆಳ್ಳನೆಯ ಕೂದಲ ಮೇಲೆ ಅಂಗೈ ಇಟ್ಟರು. ಆಮೇಲೆ ತುಳುವಿನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು: ನೀನು ಈಗ ಥೇಟ್ ನಮ್ಮ ಅಪ್ಪನ ಹಾಗೆ ಕಾಣುತ್ತೀ.

ಅತ್ತೆ ನಗಲು ಶುರು ಮಾಡಿದರು. ಹಾಗೆ ನಗುತ್ತಿರುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು. ದೊಡ್ಡಮ್ಮನೂ ನಕ್ಕರು, ನಗುತ್ತ ನಗುತ್ತ ಇಬ್ಬರೂ ಕಣ್ಣೊರೆಸಿಕೊಂಡರು. ಕಾರು ಉಡುಪಿ ಮುಟ್ಟುವ ತನಕ ಹಿಂದಿನ ಸೀಟಿನಲ್ಲಿ ಅಪ್ಪನ ಮಾತೇ: ಅವರ ಸಿಟ್ಟು, ಅವರ ನಶ್ಯದ ಡಬ್ಬಿ, ಅವರು ಮಕ್ಕಳಿಗೆ ಕದ್ದು ಕೊಡುತ್ತಿದ್ದ ಬೆಲ್ಲ. ನಾನು ಮುಂದಿನ ಸೀಟಿನಲ್ಲಿ ಕೇಳುತ್ತ ಕೇಳುತ್ತ ನಿದ್ದೆ ಹೋದೆ.

ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ರಜೆ ಮುಗಿದದ್ದರಿಂದ ಕೆಲವೇ ದಿನಗಳಲ್ಲಿ ನಾನು ರೈಲಿನಲ್ಲಿ ಒಬ್ಬಳೇ ಹಿಂದಿರುಗಿದೆ. ಅತ್ತೆ ಅಲ್ಲೇ ಉಳಿದರು. ಅವರಿಲ್ಲದ ಮನೆಯಲ್ಲಿ ಕನ್ನಡ ಮಾತಾಡುವವರು ನನಗೆ ಯಾರೂ ಇರಲಿಲ್ಲ. ಗಂಡನ ಜೊತೆ ಅದೂ ಇದೂ ಬೆರೆಸಿ ಆಡುತ್ತಿದ್ದೆ, ಮಗಳು ಮರಾಠಿ. ಸಂಜೆ ಬ್ಯಾಂಕಿನಿಂದ ಬಂದು ಅತ್ತೆಗೆ ಫೋನ್ ಮಾಡುವುದು ರೂಢಿಯಾಯಿತು. ಸಾರಿಗೆ ಏನು ಹಾಕಿದೆ ಎಂದು ಕೇಳುತ್ತಿದ್ದರು, ನಾನು ಹೇಳಿದ್ದರಲ್ಲಿ ತಪ್ಪು ಹುಡುಕುತ್ತಿದ್ದರು, ನನಗೆ ಸಮಾಧಾನವಾಗುತ್ತಿತ್ತು.

ಮಳೆ ಶುರುವಾಗುವ ಮೊದಲು ಅವರು ವಾಪಸು ಬಂದರು. ತಪಾಸಣೆಯ ವರದಿಗಳು ಚೆನ್ನಾಗಿವೆ, ಇನ್ನು ರೈಲು ಹತ್ತಬಹುದು ಎಂದು ಡಾಕ್ಟರು ಹೇಳಿದರು. ಅದಾದ ಭಾನುವಾರ ನಾವಿಬ್ಬರೇ ಲೋಕಲ್ ರೈಲು ಹಿಡಿದು ಟಿಟ್ವಾಳಾದ ಗಣಪತಿಗೆ ಹೋದೆವು. ಕಾರಿನಲ್ಲಿ ಬಿಡುತ್ತೇನೆ ಎಂದ ಮಗನಿಗೆ ಅತ್ತೆ ಬೇಡವೆಂದರು. ಲೇಡೀಸ್ ಡಬ್ಬದಲ್ಲಿ ಕಲ್ಯಾಣದ ತನಕ ನಿಂತೆವು. ಅಲ್ಲಿ ಸೀಟು ಖಾಲಿಯಾದಾಗ ಅತ್ತೆ ಕೂತು, ಪಕ್ಕಕ್ಕೆ ಸರಿದು, ಉಳಿದ ಸ್ವಲ್ಪ ಜಾಗವನ್ನು ಅಂಗೈಯಿಂದ ತಟ್ಟಿ ನನ್ನನ್ನು ಕರೆದರು.