ಆಯಿಶುಮ್ಮನ ಬ್ರೇಕ್ ಡ್ರಮ್

ಬಂದ್ಯೋಡಿನಲ್ಲಿ ಬಸ್ಸು ನಿಂತಿತು ಎನ್ನುವುದಕ್ಕಿಂತ ನಿಲ್ಲಲು ಒಪ್ಪಿತು ಎನ್ನಬೇಕು. ಕಿರ್ರೆಂದು ಎಳೆದು, ನಿಂತವರನ್ನೆಲ್ಲ ಕಂಡಕ್ಟರನ ಮೇಲೆ ಬೀಳಿಸಿ ನಿಂತ ಮೇಲೆ ಕಿಟಕಿಯಿಂದ ಕಾದ ಬ್ರೇಕಿನ ವಾಸನೆ ಒಳಗೆ ಬಂತು. ನಿಮಗೂ ಗೊತ್ತಿರುತ್ತದೆ, ಸುಟ್ಟ ರಬ್ಬರೂ ಅಲ್ಲ, ಸುಟ್ಟ ಕೂದಲೂ ಅಲ್ಲ, ಎರಡರ ನಡುವಿನ ಒಂದು ಘಾಟು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಎದುರು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಈ ವಾಸನೆ ಬಂದರೆ ನನ್ನ ಕೈ ಈಗಲೂ ಏನನ್ನಾದರೂ ಹಿಡಿದು ನಿಲ್ಲಿಸಲು ಹೋಗುತ್ತದೆ.

ಎರಡು ವರ್ಷಗಳ ಹಿಂದಿನ ಮಾತು. ಕುಂಬಳೆಯಲ್ಲಿ ನಮ್ಮ ಮನೆಗಿಂತ ಸ್ವಲ್ಪ ಮೇಲೆ, ಇಳಿಜಾರಿನಲ್ಲಿ ಮೊಯ್ದೀನಿಚ್ಚನ ಮನೆ. ಬೊಂಬಾಯಿಯ ಹೋಟೆಲು ಬಿಟ್ಟು ಊರಿಗೆ ಮರಳುವಾಗ ಬೇರೆಯವರು ಪೆಟ್ಟಿಗೆ ತಂದರೆ ಇವರು ಕಾರು ತಂದಿದ್ದರು. ಎರಡೇ ಸೀಟು, ತಲೆಯ ಮೇಲೆ ಮಾಡು ಇಲ್ಲ, ಮೂತಿ ಮಾತ್ರ ಉದ್ದ. ಯಾವುದೋ ಕಾಲದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಕಡಲಗಾಳಿಗೆ ಅಂಗಳದಲ್ಲಿ ನಿಂತು ನಿಂತು ಅದರ ಹಿಂದಿನ ಬಲ ಚಕ್ರ ಜಾಮಾಗಿತ್ತು. ಚಕ್ರದ ಹಿಂದೆ ಬಾಣಲೆ ಕವುಚಿಟ್ಟಂತೆ ಒಂದು ಡ್ರಮ್ ಇರುತ್ತದೆ. ಬ್ರೇಕಿನ ಶೂಗಳು ತುಕ್ಕು ಹಿಡಿದು ಒಳಗಿನಿಂದ ಅದನ್ನು ಕಚ್ಚಿಕೊಂಡರೆ ಚಕ್ರ ತಿರುಗುವುದಿಲ್ಲ, ಡ್ರಮ್ಮೂ ಕಳಚುವುದಿಲ್ಲ.

ಮೊಯ್ದೀನಿಚ್ಚನಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಶನ್ ಎಂದರೆ ಮಾತ್ರ ಆ ದೊಡ್ಡ ದೇಹ ಮಗುವಿನಂತೆ ನಡುಗುತ್ತಿತ್ತು. ಹಾಗಿದ್ದೂ ಸ್ಕೂಟರ್ ಬಿಟ್ಟುಕೊಂಡು ಹೋಗಿ ಮಸೀದಿಯ ಎದುರಿನ ಬಾಳೆಹಣ್ಣಿನ ಅಂಗಡಿಯೊಳಗೆ ನುಗ್ಗಿಸಿದ್ದರು. ಅವರ ಹೆಂಡತಿ ಆಯಿಶುಮ್ಮ ಅದೇ ದಿನ ಸ್ಕೂಟರನ್ನು ಅಳಿಯನ ಮನೆಗೆ ಸಾಗಿಸಿದರು. ಮರುದಿನ ಗುಜರಿಯವನಿಗೆ ಫೋನು ಮಾಡಿದರು. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ಲಾರಿ ಬರುತ್ತದೆ, ಕಾರು ಹೋಗುತ್ತದೆ.

"ತಿರುಗದ ಚಕ್ರದ ಕಾರು ಎಂತಕ್ಕೆ? ನಾಳೆ ತಿರುಗಿದ್ರೆ ಇವರು ಅದ್ರಲ್ಲಿ ಕೂತು ಸಾಯ್ಲಿಕ್ಕಾ?" ಎಂದು ಅವರು ಕೇಳಿದರು. ಎರಡು ಕಡೆಯಿಂದಲೂ ಸರಿಯಾದ ಮಾತು.

ಮೊಯ್ದೀನಿಚ್ಚ ಗುಟ್ಟಾಗಿ ನನ್ನನ್ನು ಕರೆಸಿದರು. ಅವರಿಗೆ ನಾನು ಮೋನೆ, ಅಂದರೆ ಮಗ. "ಮೋನೆ, ಲಾರಿ ಬರುವ ಮೊದಲು ಆ ಡ್ರಮ್ ತೆಗೀಲಿಕ್ಕೆ ಆಗ್ತದಾ? ಚಕ್ರ ತಿರುಗಿದ್ರೆ ಇದು ಕಾರು. ಇಲ್ಲದಿದ್ರೆ ಗುಜರಿ."

ನನ್ನ ವಿದ್ಯೆ ಸ್ಕೂಟರಿನ ಬ್ರೇಕು ಬಿಗಿ ಮಾಡುವಷ್ಟರದು. ಅದನ್ನೂ ಬಿಗಿ ಮಾಡಿ, ತಂಗಿ ತಳ್ಳಿಕೊಂಡೇ ಕಾಲೇಜಿಗೆ ಹೋಗುವಂತೆ ಮಾಡಿದವನು ನಾನು. ಆದರೂ "ಅದೆಂತ ದೊಡ್ಡ ವಿಷಯ" ಎಂದೆ. ಆ ಮಾತು ನನ್ನ ಬಾಯಿಂದ ನನ್ನನ್ನು ಕೇಳದೆಯೇ ಹೊರಡುತ್ತದೆ.

ಜಾಕ್ ಕೊಟ್ಟೆ, ಚಕ್ರ ಬಿಚ್ಚಿದೆ. ಸೀಮೆಎಣ್ಣೆ ಬಿಟ್ಟೆ. ಡ್ರಮ್ಮಿನ ಅಂಚಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿದೆ. ಬೀಡು ಕಬ್ಬಿಣ, ಕೋಪದಲ್ಲಿ ಹೊಡೆದರೆ ಒಡೆಯುತ್ತದೆ, ಒಡೆದರೆ ಬೇರೆ ಸಿಗುವುದಿಲ್ಲ. ತಟ್ಟುವ ಪ್ರತಿ ಪೆಟ್ಟಿಗೂ ಮೊಯ್ದೀನಿಚ್ಚ ತನ್ನ ತಲೆಗೇ ಬಿದ್ದಂತೆ ಕಣ್ಣು ಮುಚ್ಚುತ್ತಿದ್ದರು. ಡ್ರಮ್ಮಿನ ತೂತಿಗೆ ಬೋಲ್ಟು ಹಾಕಿ ಒತ್ತಿದೆ, ಬೋಲ್ಟು ಬಾಗಿತು. ಬಿಸಿನೀರು ಹೊಯ್ದೆ, ನನ್ನ ಕಾಲು ಬೆಂದಿತು. ಡ್ರಮ್ಮು ಮಾತ್ರ ನೆಂಟರ ಮನೆಗೆ ಬಂದು ಕೂತ ಸೋದರಮಾವನಂತೆ ಅಲುಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಆಗ ನನ್ನ ತಲೆಗೆ ಆ ಉಪಾಯ ಬಂತು. ಚಕ್ರ ಪುನಃ ಹಾಕಿ, ಜಾಕ್ ಇಳಿಸಿ, ಕಾರನ್ನು ಹಿಂದೆ ಮುಂದೆ ದೂಡಿದರೆ ಶೂ ಬಿಟ್ಟುಕೊಳ್ಳಬಹುದು. ಉಪಾಯ ಸರಿಯೇ. ಟಯರಿಗೆ ಕೊಟ್ಟಿದ್ದ ಕೆಂಪುಕಲ್ಲು ದೂಡಲು ಅಡ್ಡ ಬರುತ್ತದೆಂದು ಅದನ್ನು ನಾನೇ ಎತ್ತಿ ಬದಿಗಿಟ್ಟೆ. ಮೊಯ್ದೀನಿಚ್ಚ ಗೇರು ಬಿಡಿಸಿ, ಸ್ಟೇರಿಂಗ್ ಹಿಡಿಯುತ್ತೇನೆಂದು ಒಳಗೆ ಕೂತರು. ಆ ಕಾರಿಗೆ ಬ್ರೇಕೇ ಇರಲಿಲ್ಲ, ಬ್ರೇಕೆಣ್ಣೆ ಎಂದೋ ಒಣಗಿತ್ತು. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಜಾಮಾದ ಚಕ್ರ. ಇಡೀ ದಿನ ನಾನು ಬಿಡಿಸಲು ಹೆಣಗಿದ್ದು ಅದನ್ನೇ.

ಹಿಂದಿನಿಂದ ಹೆಗಲು ಕೊಟ್ಟು ದೂಡಿದೆ. ಒಳಗೆಲ್ಲೋ ಟಕ್ ಎಂದಿತು. ಹೆಗಲಿನ ಭಾರ ಒಮ್ಮೆಲೇ ಇಲ್ಲವಾಗಿ ನಾನು ಮುಖ ಅಡಿಯಾಗಿ ಬಿದ್ದೆ. ತಲೆ ಎತ್ತುವಾಗ ಕಾರು ಹೋಗುತ್ತಿತ್ತು.

ಸದ್ದಿಲ್ಲ. ಇಂಜಿನ್ ಇಲ್ಲದ ಕಾರು ಹೋಗುವುದನ್ನು ನೀವು ನೋಡಿದ್ದೀರಾ? ಅಂಗಳದ ಜಲ್ಲಿ ಮಾತ್ರ ಚರಚರ ಎನ್ನುತ್ತದೆ. ಕೆಳಗೆ ತೆರೆದ ಗೇಟು, ಗೇಟಿನಾಚೆ ಬದಿಯಡ್ಕ ಬಸ್ಸುಗಳ ರಸ್ತೆ, ಆ ರಸ್ತೆಯಿಂದ ಒಳಗೆ ತಿರುಗಲು ನಿಂತ ಗುಜರಿ ಲಾರಿ. ಓಡಿದೆ. ಕಾರಿನ ಹಿಂದಿನ ಅಂಚು ಕೈಗೆ ಸಿಕ್ಕಿತು, ಉಜ್ಜುವ ಶೂಗಳ ಅದೇ ಘಾಟು ಮೂಗಿಗೆ ಬಡಿಯಿತು. ನನ್ನನ್ನೂ ಎಳೆದುಕೊಂಡು ಹೋಯಿತು.

"ಎಂತ ಕಾಣ್ತದೆ ಮೋನೆ? ಎಲ್ಲಿಗೆ ತಿರುಗಿಸ್ಬೇಕು?" ಮೊಯ್ದೀನಿಚ್ಚ ಕೇಳಿದರು. ನನಗೆ ಎಡ ಬಲ ಎರಡೂ ಮರೆತುಹೋಗಿತ್ತು.

"ಬಲಕ್ಕೆ," ಎಂದಿತು ಜಗಲಿಯಿಂದ ಆಯಿಶುಮ್ಮನ ಸ್ವರ. "ಬಲಕ್ಕೆ. ಇನ್ನೂ. ಸಾಕು, ನೇರ ಬಿಡಿ."

ಬದುಕಿಡೀ ಆ ಸ್ವರ ಹೇಳಿದಂತೆ ತಿರುಗಿದ ಮನುಷ್ಯ. ಕೈ ತಾನಾಗಿ ತಿರುಗಿತು. ಗೇಟಿನ ಕಂಬಕ್ಕೆ ಗೇಣು ದೂರದಲ್ಲಿ ಒಳಬದಿಯಲ್ಲೇ ಹಾದು, ಪಾಗಾರದ ಗೋಡೆ ಕಟ್ಟಲು ಹಾಕಿದ್ದ ಹೊಯ್ಗೆಯ, ಮರಳಿನ, ರಾಶಿಗೆ ಕಾರು ಮೂತಿ ಹೂತು ನಿಂತಿತು.

ಆಯಿಶುಮ್ಮ ಇಳಿದು ಬಂದರು, ಬರಿಗಾಲಲ್ಲಿ. ಮೊಯ್ದೀನಿಚ್ಚ ಸ್ಟೇರಿಂಗ್ ಬಿಟ್ಟಿರಲಿಲ್ಲ. ಅವರ ಮುಖದಲ್ಲಿ ಹೆದರಿಕೆಯನ್ನು ಹುಡುಕಿದೆ, ಇರಲಿಲ್ಲ.

"ಆಯಿಶಾ, ಎಷ್ಟು ದೂರ ಬಂತು?"

ಆಯಿಶುಮ್ಮ ನನ್ನ ಕಡೆ ನೋಡಿದರು. "ನೀನೇ ಹೇಳು ಅವರಿಗೆ. ಸುಳ್ಳು ಹೇಳ್ಲಿಕ್ಕೆ ನಿನಗೆ ಬರ್ತದಲ್ಲ."

"ತುಂಬಾ ದೂರ ಮೊಯ್ದೀನಿಚ್ಚ," ಎಂದೆ. "ಇನ್ನು ಸ್ವಲ್ಪ ಹೋಗಿದ್ರೆ ಬದಿಯಡ್ಕ ದಾಟಿ ಪೆರ್ಲ."

ಅವರು ನಕ್ಕರು. ಆಯಿಶುಮ್ಮ ನಗಲಿಲ್ಲ, ಸೆರಗಿನಿಂದ ಅವರ ಮುಖದ ಮೇಲಿನ ಹೊಯ್ಗೆ ಒರೆಸಿದರು. ಆಮೇಲೆ ಗುಜರಿಯವನಿಗೆ, "ಇವತ್ತು ಬೇಡ, ಹೋಗು" ಎಂದರು. ನನಗೆ, "ನೀನು ತೆಗೀಲಿಕ್ಕೆ ಬಂದದ್ದನ್ನು ತೆಗೆ" ಎಂದರು.

ಪುನಃ ಜಾಕ್ ಕೊಟ್ಟು ಚಕ್ರ ಬಿಚ್ಚಿ ಮೆಲ್ಲ ತಟ್ಟಿದ್ದೇ ಡ್ರಮ್ಮು ಮಡಿಲಿಗೆ ಬಂತು. ಎತ್ತಿ ತೋರಿಸುವಷ್ಟರಲ್ಲಿ ಆಯಿಶುಮ್ಮ ಅದನ್ನು ಬೈರಾಸು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡಿದ್ದರು. "ಕಾರು ಇಲ್ಲೇ ಇರ್ಲಿ. ಡ್ರಮ್ಮು ನನ್ನ ಹತ್ರ ಇರ್ತದೆ. ಕಣ್ಣಿನ ಆಪರೇಶನ್ ಮಾಡಿಸಿ ಬನ್ನಿ, ಕೊಡ್ತೇನೆ."

ಮೊಯ್ದೀನಿಚ್ಚ ಸುಮ್ಮನೆ ಸೋಲುವವರಲ್ಲ. ಎರಡು ಮಳೆಗಾಲ ಹಟ ಹಿಡಿದರು. ಮೂರು ಚಕ್ರ ಮತ್ತು ಒಂದು ಕಲ್ಲಿನ ಮೇಲೆ ನಿಂತ ಕಾರಿನಲ್ಲಿ ಸಂಜೆ ಹೋಗಿ ಕೂರುತ್ತಿದ್ದರು. ಒಳಗೆ ಆಯಿಶುಮ್ಮ ಡ್ರಮ್ಮಿಟ್ಟ ಕಪಾಟಿನ ಬೀಗದಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದರು.

ಕೊನೆಗೆ ಸೋತರು, ಹೋದ ತಿಂಗಳು ಎರಡನೆಯ ಕಣ್ಣಿನ ಆಪರೇಶನ್ನೂ ಆಯಿತು. ನಿನ್ನೆ ಆಯಿಶುಮ್ಮನ ಫೋನು ಬಂತು. ಡ್ರಮ್ಮು ಹೊರಗೆ ತೆಗೆದಿಟ್ಟಿದ್ದಾರಂತೆ, ಎಣ್ಣೆ ಹಚ್ಚಿಟ್ಟದ್ದರಿಂದ ತುಕ್ಕು ಇಲ್ಲವಂತೆ.

ಈ ಬಸ್ಸಿನಲ್ಲಿ ನಾನು ಹೋಗುತ್ತಿರುವುದು ಅಲ್ಲಿಗೇ, ಅದನ್ನು ಕೂರಿಸಲು. ನಿನ್ನೆ ಫೋನಿನಲ್ಲಿ ಜೋಕು ಮಾಡೋಣವೆಂದು ಹೇಳಿದೆ: "ಆಯಿಶುಮ್ಮ, ನಾನು ಕೂರಿಸಿದ ಬ್ರೇಕು ಹಿಡಿಯದಿದ್ರೆ ನನ್ನ ಅಮ್ಮನ ಹತ್ರ ದೂರು ಹೇಳ್ಬೇಡಿ ಆಯ್ತಾ."

"ದೂರು ಹೇಳ್ಲಿಕ್ಕೆ ನಾನೆಲ್ಲಿ ಉಳೀತೇನೆ ಮಾರಾಯ," ಎಂದರು. "ಪಕ್ಕದ ಸೀಟಲ್ಲಿ ನಾನೇ ಅಲ್ವಾ ಕೂರುದು."