ಚುಕ್ಕೆಯ ಹಿಂದೆ ಅಡಗಿದ್ದ ಬಣ್ಣಗಳು

ಸ್ನೇಹಿತರೇ, ಇವತ್ತು ವೆಲ್ಷ್‌ಪೂಲ್ ಊರಿನ ನಮ್ಮ ಆಫೀಸಿನಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೊಸ ಲಿನಕ್ಸ್ ಲ್ಯಾಪ್‌ಟಾಪ್ ಬಂತೆಂದು, ಸೆಟ್ಟಿಂಗ್‌ಗಳೆಲ್ಲ ಇರಬೇಕಾದ ಕಾನ್ಫಿಗ್ ಫೋಲ್ಡರನ್ನು ನಕಲು ಮಾಡಿಕೊಂಡು ಹಳೆಯ ಲ್ಯಾಪ್‌ಟಾಪಿನಲ್ಲಿದ್ದುದನ್ನು ಪೂರ್ತಿ ಅಳಿಸಿದೆ. ಗಣಿಯ ನಕ್ಷೆ ಬಿಡಿಸುವ ನಮ್ಮ ಆಫೀಸಿನದೇ ಆ್ಯಪ್ ತೆರೆದರೆ, ಎರಡು ವರ್ಷ ಕೂತು ಒಂದೊಂದು ಬಗೆಯ ಕಲ್ಲಿಗೂ ನಾನು ಗೊತ್ತುಮಾಡಿದ್ದ ಬಣ್ಣಗಳು ಒಂದೂ ಇಲ್ಲ! ಆ್ಯಪ್ ಬರೆದ ಕಿರಣನನ್ನೇ ಹಿಡಿದು ಕೇಳಿದೆ.

“ಅವು ಕಾನ್ಫಿಗ್‌ನಲ್ಲಿ ಇರಲ್ಲ ಮೇಡಂ. ಅದರ ಹೊರಗೆ, ನಿಮ್ಮ ಫೈಲ್‌ಗಳೆಲ್ಲ ಇರೋ ಹೋಮ್ ಫೋಲ್ಡರ್‌ನಲ್ಲೇ ಇಟ್ಟು, ಫೈಲ್ ಹೆಸರಿನ ಮುಂದೆ ಚುಕ್ಕೆ ಹಾಕಿ ಕಾಣದ ಹಾಗೆ ಮಾಡಿದೀನಿ.”

“ಎಲ್ಲಾ ಆ್ಯಪ್‌ಗೂ ಅಂತಾನೇ ಒಂದು ಜಾಗ ಇದೆಯಲ್ಲಪ್ಪಾ! ನಿಂದು ಮಾತ್ರ ಯಾಕೆ ಬೇರೆ?”

“ಯಾರೂ ಮುಟ್ಬಾರ್ದು ಅಂತ.”

ಮುಟ್ಟಲಿಲ್ಲ, ನಿಜ. ಇದೆಯೆಂದೇ ತಿಳಿಯದೆ ಅಳಿಸಿಹಾಕಿದೆ. ನಾಳೆ ಮೊದಲ ಕಲ್ಲಿನಿಂದ ಮತ್ತೆ ಶುರು. ಕಿರಣನೂ ನನ್ನ ಪಕ್ಕದಲ್ಲೇ ಕೂತು ಬಣ್ಣ ತುಂಬುತ್ತಾನೆ. ಆಗಲ್ಲ ಅನ್ನಲಿ, ನೋಡೋಣ!