ಹಿಮದ ಟೈರು, ಸೇರಿನೆತ್ತರ

ಹಿಮವನ್ನು ನಾನು ಈವರೆಗೆ ಕಂಡಿಲ್ಲ. ಆದರೂ ಶಿಕಾರಿಪುರದ ಬಟ್ಟೆ ಅಂಗಡಿಯಲ್ಲಿ ಕೂತು, ಹಿಮದ ಮೇಲೆ ಓಡುವ ಟೈರನ್ನು ಕಾರಿಗೆ ಹಾಕಿಸುವುದೋ ಬೇಡವೋ ಎಂದು ಒಂದಿಡೀ ಆಷಾಢ ತಲೆ ಕೆಡಿಸಿಕೊಂಡಿದ್ದೇನೆ.

ಕಾರು ಬಂದದ್ದು ಸ್ವದೇಶಕ್ಕೆ ಹೊರಟಿದ್ದ ಒಬ್ಬ ಕಾಫಿತೋಟದ ದೊರೆಯಿಂದ. ಡಿಕ್ಕಿಯಲ್ಲಿ ದಪ್ಪ ಹಲ್ಲಿನ ಎರಡು ಟೈರುಗಳಿದ್ದವು. ಇವು ತಮ್ಮ ಊರಿನ ಚಳಿಗಾಲಕ್ಕೆ, ಹಿಮದಲ್ಲಿ ಜಾರುವುದಿಲ್ಲ ಎಂದಷ್ಟೇ ಹೇಳಿ ಆತ ಹೊರಟುಹೋದ. ಕಾರಿನಲ್ಲಿದ್ದ ಟೈರುಗಳೋ ಸವೆದು ನುಣ್ಣಗಾಗಿದ್ದವು.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಸೊರಬದಾಚೆಯ ತವರಿಗೆ ಹೋಗಿದ್ದಳು. ಬಾಣಂತಿಯನ್ನು ಐದನೆಯ ತಿಂಗಳಲ್ಲಿ ಕಳಿಸಬೇಕು, ತಪ್ಪಿದರೆ ಏಳಕ್ಕೆ. ಅದು ಅವರ ಮನೆಯ ಕಟ್ಟಳೆ. ಐದನೆಯದು ಸುರಿಯುವ ಶ್ರಾವಣಕ್ಕೇ ಬಂತು. ಹಸುಗೂಸನ್ನು ಬಸ್ಸಿನಲ್ಲಿ ಕಳಿಸುವುದಿಲ್ಲ ಎಂದರು ಅತ್ತೆ. ಕಾರು ತರುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟೆ. ಮಗಳನ್ನು ನಾನು ನೋಡಿದ್ದು ಒಂದೇ ಸಲ, ಅದೂ ನಿದ್ದೆಯಲ್ಲಿ. ಇನ್ನೆರಡು ತಿಂಗಳು ಕಾಯುವುದು ನನ್ನಿಂದಾಗದ ಮಾತಾಗಿತ್ತು.

ಹಿಮದ ಟೈರು ಕೆಸರಿಗೆ ಆದೀತೇ ಎಂದು ಮೆಕ್ಯಾನಿಕ್ ಸಾಬರನ್ನು ಕೇಳಿದೆ.

“ಹಿಮ ಅಂದ್ರ ಹೆಂಗಿರ್ತೈತ್ರಿ ಸಾಹುಕಾರ್ರೆ? ಗಟ್ಟಿ ಮೊಸರಿನಂಗೋ, ಹುರಿದ ಅಳ್ಳಿನಂಗೋ?” ಎಂದು ಅವರು ನನ್ನನ್ನೇ ಕೇಳಿದರು.

ನನಗೇನು ಗೊತ್ತು? ನಮ್ಮ ಹಳೆಯ ಕವಿಗಳು ಹಿಮಾಲಯವನ್ನು ಕಣ್ಣಾರೆ ಕಂಡವರಂತೆ ಬಣ್ಣಿಸಿದ್ದಾರೆ, ನಿಜ. ಆದರೆ ಅಲ್ಲಿ ಗಾಲಿ ಜಾರುತ್ತದೆಯೋ ಹೂತುಕೊಳ್ಳುತ್ತದೆಯೋ ಎಂದು ಒಬ್ಬರೂ ಬರೆದಂತಿಲ್ಲ. ಶಿವನಿಗೆ ಎತ್ತಿತ್ತು, ಟೈರಿನ ಯೋಚನೆ ಬರಲಿಲ್ಲ. ಕೊನೆಗೆ ಹಲ್ಲಿದ್ದರೆ ಕಚ್ಚೀತು ಎಂದು ಹಾಕಿಸಿದೆ.

ಇನ್ನು ಎತ್ತರದ ಪ್ರಶ್ನೆ. ಎತ್ತಿನ ಗಾಡಿಗಳು ಓಡಾಡಿ ಅತ್ತೆಯ ಹಳ್ಳಿಯ ದಾರಿಯಲ್ಲಿ ಎರಡು ಆಳವಾದ ಜಾಡು, ನಡುವೆ ದಿಬ್ಬ. ಟೈರು ಜಾಡಿಗಿಳಿದರೆ ಕಾರಿನ ಹೊಟ್ಟೆ ದಿಬ್ಬಕ್ಕೆ ಕೂರುತ್ತದೆ. ದಿಬ್ಬ ಒಂದು ಸೇರಿನೆತ್ತರ ಇದೆಯೆಂದು ಭಾವಮೈದುನ ತಿಳಿಸಿದ್ದ. ನಾನು ಅಡುಗೆಮನೆಯಿಂದ ಸೇರು ತಂದು, ಕಾರಿನಡಿ ನಿಲ್ಲಿಸಿ, ಈ ಕಡೆಯಿಂದ ಆ ಕಡೆಗೆ ತಳ್ಳಿದೆ. ಎಲ್ಲೂ ತಾಗದೆ ಹೊರಗೆ ಬಂತು. ಅಳೆಯಲು ಕೊಟ್ಟ ಸೇರನ್ನು ಅವ್ವ ಮೂರು ಸಲ ತೊಳೆದಳು.

ಹೊರಡುವ ದಿನ ಬಂತು. ಕಾರು ಕೊಂಡಷ್ಟು ಸಲೀಸಾಗಿ ಓಡಿಸಲು ನನಗೆ ಬರುತ್ತಿರಲಿಲ್ಲವಾದ್ದರಿಂದ ಭಾವಮೈದುನನೇ ಓಡಿಸುವವನು. ಹೋಗುವಾಗ ಕಾರು ಹೂವಿನಂತೆ ಹೋಯಿತು. ಬರುವಾಗ ಅತ್ತೆ ಅಕ್ಕಿ ಮೂಟೆ ಹೊರಿಸಿದರು. ಬೆಲ್ಲ, ತುಪ್ಪದ ಗಡಿಗೆ, ಮಗುವನ್ನು ಮೀಯಿಸುವ ತಾಮ್ರದ ಹಂಡೆ, ಹಿಂದೆ ಕಟ್ಟಿದ ತೊಟ್ಟಿಲು.

“ಇಷ್ಟೆಲ್ಲ ಯಾಕೆ?” ಎಂದೆ.

“ಚೊಚ್ಚಲ ಬಾಣಂತೀನ ಬರಿಗೈಲಿ ಕಳ್ಸಾಕಾಗ್ತದೇನ್ರಿ ಅಳಿಯಂದ್ರೆ?”

ಊರ ಅಂಚಿನಲ್ಲೇ ಹೊಟ್ಟೆ ದಿಬ್ಬಕ್ಕೆ ಕೂತಿತು. ಹಲ್ಲಿನ ಟೈರು ಕೆಸರನ್ನು ಹಿಂದಕ್ಕೆ ಎರಚಿತೇ ಹೊರತು ಮುಂದೆ ಹೋಗಲಿಲ್ಲ. ಖಾಲಿ ಕಾರನ್ನು ಅಳೆದ ನನ್ನ ಬುದ್ಧಿಗೆ ತವರಿನ ತೂಕ ಹೊಳೆದೇ ಇರಲಿಲ್ಲ. ಮೂಟೆ ಇಳಿಸೋಣವೆಂದರೆ, ಬೀಳ್ಕೊಡಲು ಹಿಂದೆಯೇ ನಡೆದು ಬಂದಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಅವರೆದುರಿಗೆ ಒಂದು ಬೆಲ್ಲದಚ್ಚನ್ನೂ ಇಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ದೀಪ ಹಚ್ಚುವುದರೊಳಗೆ ಮಗು ನಮ್ಮ ಮನೆಯ ಹೊಸ್ತಿಲು ದಾಟಬೇಕಿತ್ತು.

ಹೆಂಡತಿ ಒಮ್ಮೆ ಮೂಟೆ ನೋಡಿದಳು, ಒಮ್ಮೆ ತಾಯಿಯನ್ನು ನೋಡಿದಳು, ಆಮೇಲೆ ಗಾದಿಯ ಮೇಲೆ ಕೂತೇ ಬೆಳೆದ ನನ್ನ ಮೈಯನ್ನು ನೋಡಿದಳು.

“ರೀ, ನೀವೊಂದು ಇಳೀರಿ ನೋಡಾಣ.”

ಇಳಿದೆ. ಕಾರು ಎರಡು ಬೆರಳು ಮೇಲೆದ್ದಿತು. ಹಿಂದೆ ಕಟ್ಟಿದ್ದ ತೊಟ್ಟಿಲು ನೂಕಲು ಅಡ್ಡ ಬರುತ್ತದೆಂದು ಅದನ್ನೂ ನನ್ನ ತಲೆಗೆ ಕೊಟ್ಟರು. ಊರ ಹುಡುಗರು ನೂಕಿದರು, ಕಾರು ಹೊರಟಿತು. “ಮುಂದೂ ದಾರಿ ಹಿಂಗೇ ಐತಿ, ನೀವು ಬಸ್ಸಿಗೆ ಬರ್ರಿ,” ಎಂದಳು ಹೆಂಡತಿ, ಕಿಟಕಿಯಿಂದ. ಅವಳ ಮಡಿಲಲ್ಲಿ ಮಗಳು ಎಚ್ಚರವಾಗಿದ್ದಳು. ನನ್ನತ್ತ ನೋಡಿದಳೆಂದೇ ನನ್ನ ನಂಬಿಕೆ.

ತೊಟ್ಟಿಲು ಹೊತ್ತು, ಬಸ್ಸು ಹಿಡಿದು ಮನೆ ಮುಟ್ಟಿದಾಗ ಆರತಿ ಮುಗಿದು ಕೆಂಪು ನೀರನ್ನು ಬಾಗಿಲಲ್ಲಿ ಚೆಲ್ಲಿಯಾಗಿತ್ತು. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವ್ವ, “ತೊಟ್ಟಿಲು ಬಂತೇನು?” ಎಂದಳು.

ಈಗಲೂ ಮಳೆಗಾಲ ಬಂತೆಂದರೆ ಯಾರಾದರೂ ಅಂಗಡಿಗೆ ಬಂದು, ಆ ಹಿಮದ ಟೈರು ಕೆಸರಿಗೆ ಹೇಗೆ ಎಂದು ಕೇಳುತ್ತಾರೆ. ನನಗೆ ನಿಜಕ್ಕೂ ಗೊತ್ತಿಲ್ಲ. ಹೊರೆ ಹೊತ್ತು ಅದು ಚೆನ್ನಾಗಿ ಓಡಿದಾಗ ನಾನು ಕಾರಿನಲ್ಲಿರಲಿಲ್ಲ.